ನಾಲ್ಕು ಆನೆ ಕೊಟ್ಟು ಚೀತಾ, ಜಾಗ್ವಾರ್ ತರೋದು ಸರಿಯಾ? ಮೃಗಾಲಯದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡೋಣ

ಬನ್ನೇರುಘಟ್ಟ ರಸ್ತೆಯವಳು:

2025ರ ಜುಲೈನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದ ನಾಲ್ಕು ಆನೆಗಳು ಸರಕು ವಿಮಾನದಲ್ಲಿ ಜಪಾನಿಗೆ ಹೋದವು. ಸುರೇಶ, ಗೌರಿ, ಶ್ರುತಿ, ತುಳಸಿ. ನಾಲ್ಕೂ ಹತ್ತು ವರ್ಷದೊಳಗಿನವು. ಹೋಗಿದ್ದು ಹಿಮೇಜಿ ಸೆಂಟ್ರಲ್ ಪಾರ್ಕ್ ಅನ್ನೋ ಸಫಾರಿ ಪಾರ್ಕ್‌ಗೆ. ಬದಲಿಗೆ ನಮಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ, ಕ್ಯಾಪುಚಿನ್ ಕೋತಿ ಕೊಡ್ತೀವಿ ಅಂತ ಒಪ್ಪಂದ. ಪೆಟ್ಟಿಗೆಯೊಳಗೆ ಗಾಬರಿಯಾಗದೆ ನಿಲ್ಲಲಿ ಅಂತ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರು, ಜೊತೆಯಲ್ಲಿ ನೋಡಿಕೊಳ್ಳುವವರೂ ಹೋದರು. ಆ ಕೆಲಸ ಮಾಡಿದವರು ಮುತುವರ್ಜಿಯಿಂದಲೇ ಮಾಡಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ.

ನನ್ನ ತಕರಾರು ಲೆಕ್ಕಾಚಾರದ ಬಗ್ಗೆ. ಹೆಣ್ಣಾನೆ ಹುಟ್ಟಿದ ಹಿಂಡನ್ನು ಬಿಟ್ಟು ಹೋಗುವ ಪ್ರಾಣಿಯಲ್ಲ. ತಾಯಿ, ಅಜ್ಜಿ, ಚಿಕ್ಕಮ್ಮ, ಅಕ್ಕತಂಗಿಯರ ಜೊತೆಗೇ ಬೆಳೆದು, ಹೆತ್ತು, ಸಾಯುತ್ತದೆ. ಗಂಡು ಮಾತ್ರ ಹದಿಹರೆಯಕ್ಕೆ ಬಂದಮೇಲೆ ಬೇರೆಯಾಗುತ್ತದೆ. ಗೌರಿ, ಶ್ರುತಿ, ತುಳಸಿ ಮೂರೂ ಹೆಣ್ಣು. ಇವುಗಳನ್ನು ಹಿಂಡಿನಿಂದ ಬಿಡಿಸಿ ಕಳಿಸಿದ್ದು ಇಲ್ಲಿ ಜೀವಕ್ಕೆ ಅಪಾಯವಿತ್ತು ಅಂತಲ್ಲ, ಕಾಯಿಲೆ ಅಂತಲ್ಲ. ನಮ್ಮಲ್ಲಿ ಇಲ್ಲದ ಪ್ರಾಣಿ ಬೇಕಿತ್ತು, ಅವರಿಗೆ ಆನೆ ಬೇಕಿತ್ತು, ಅಷ್ಟೇ. ದಕ್ಷಿಣ ಅಮೆರಿಕದ ಜಾಗ್ವಾರನ್ನು ಬೆಂಗಳೂರಿನಲ್ಲಿ ನೋಡಲೇಬೇಕು ಅನ್ನೋ ಅಗತ್ಯ ನಮಗೆ ಯಾಕೆ ಬಂತು?

ಮೃಗಾಲಯ ಮುಚ್ಚಿಬಿಡಿ ಅಂತ ಹೇಳ್ತಿಲ್ಲ. ಕಾಡಿಗೆ ಮರಳಲಾಗದ ಪ್ರಾಣಿಗೆ ಜಾಗ ಬೇಕು. ಆದರೆ ತೋರಿಸೋದಕ್ಕಾಗಿಯೇ ಪ್ರಾಣಿ ತರೋದು, ತೋರಿಸೋದಕ್ಕಾಗಿಯೇ ಮರಿ ಹಾಕಿಸೋದು ನಿಲ್ಲಬೇಕು. ನೀವೇನಂತೀರಿ?

ಇಟ್ಟಿಗೆಗೂಡಿನವ:

ಮೈಸೂರು ಮೃಗಾಲಯದ ಗೋಡೆ ಪಕ್ಕದ ಬಡಾವಣೆಯಲ್ಲೇ ಹುಟ್ಟಿ ಬೆಳೆದವನು ನಾನು. ಬೆಳಗಿನ ಜಾವ ಸಿಂಹದ ಗರ್ಜನೆ ಕೇಳಿಸಿದರೆ ನಮ್ಮ ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ, ಹಾಲಿನವನು ಬರೋ ಹೊತ್ತಾಯ್ತು ಅಂತ ಏಳ್ತೀವಿ. ಹಾಗಾಗಿ ಈ ವಿಷಯದಲ್ಲಿ ನಾನು ತಟಸ್ಥ ಅಲ್ಲ.

1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಟ್ಟಿಸಿದ್ದು. ಮುಂದೆ ಕಂಬಿ ಪಂಜರದ ಬದಲು ಕಂದಕ ತೋಡಿ, ಮರ ಬೆಳೆಸಿ, ಪ್ರಾಣಿಗೆ ಅಷ್ಟಿಷ್ಟು ಬಯಲು ಕೊಟ್ಟ ಮೃಗಾಲಯ. ನೆರಳು ನೋಡಿ, ಹಸಿರು ನೋಡಿ, ದೇಶದ ಬೇರೆ ಮೃಗಾಲಯಗಳ ಜೊತೆ ಹೋಲಿಸಿ ನೋಡಿ, ಆಮೇಲೆ ಮಾತಾಡಿ. ಮಂಗಳವಾರ ಬಾಗಿಲು ಮುಚ್ಚಿ ಪ್ರಾಣಿಗಳಿಗೆ ಒಂದು ದಿನ ಜನರ ಗದ್ದಲದಿಂದ ಬಿಡುವು ಕೊಡ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇದು ನಡೆಯೋದು ಹೆಚ್ಚಾಗಿ ಟಿಕೆಟ್ ದುಡ್ಡಿನಿಂದ. 2020ರ ಲಾಕ್‌ಡೌನ್‌ನಲ್ಲಿ ಗೇಟು ಮುಚ್ಚಿದಾಗ ಪ್ರಾಣಿಗಳ ಊಟಕ್ಕೇ ದಾನ ಎತ್ತಬೇಕಾಯ್ತು. ಜನ ಕೈಬಿಡಲಿಲ್ಲ. ಹುಲಿ, ಜಿರಾಫೆ, ಹಾವು ಅಂತ ಒಂದೊಂದನ್ನು ದತ್ತು ತಗೊಂಡು ವರ್ಷದ ಖರ್ಚು ಕೊಟ್ಟರು. ನೋಡಿದ್ದರಿಂದ ತಾನೇ ಪ್ರೀತಿ ಬಂದಿದ್ದು? ಗೋಡೆಯಾಚೆ ಯಾರೂ ನೋಡದ ಹಾಗೆ ಇಟ್ಟಿದ್ದರೆ ಯಾರು ಕೊಡ್ತಿದ್ದರು?

ಬನ್ನೇರುಘಟ್ಟ ರಸ್ತೆಯವಳು:

@ಇಟ್ಟಿಗೆಗೂಡಿನವ, ಟಿಕೆಟ್ ದುಡ್ಡಿನ ಮಾತು ಎತ್ತಿದ್ದು ಒಳ್ಳೆಯದಾಯ್ತು. ನನಗೆ ಕಾಣುವ ರೋಗದ ಬೇರು ಅದೇ. ಪ್ರಾಣಿಯ ಊಟ ಗೇಟಿನಲ್ಲಿ ಹುಟ್ಟಬೇಕು ಅಂದಮೇಲೆ ಗೇಟಿಗೆ ಜನ ಎಳೆಯುವ ಪ್ರಾಣಿ ಬೇಕು. ಮುಳ್ಳುಹಂದಿ ನೋಡೋಕೆ ಯಾರು ಬರ್ತಾರೆ? ಗೊರಿಲ್ಲಾ ಬೇಕು, ಬಿಳಿ ಹುಲಿ ಬೇಕು, ಬೇಲಿ ಪಕ್ಕ ಓಡಾಡೋ ಮರಿ ಬೇಕು.

ಮೈಸೂರಿನ ಪೋಲೋ ನಿಮಗೆ ನೆನಪಿರಲೇಬೇಕು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಗಂಡು ಗೊರಿಲ್ಲಾ. ಆಗ ಇಡೀ ಭಾರತಕ್ಕೆ ಒಂದೇ ಗೊರಿಲ್ಲಾ ಅಂತ ಅದನ್ನೇ ಹೆಮ್ಮೆಯಾಗಿ ಹೇಳ್ತಿದ್ದೆವು. ಒಂದೇ ಅನ್ನೋದು ನಮಗೆ ಹೆಮ್ಮೆ, ಅದಕ್ಕೆ ಒಂಟಿತನ. ಗೊರಿಲ್ಲಾ ಕುಟುಂಬ ಕಟ್ಟಿಕೊಂಡು ಬದುಕೋ ಜೀವಿ, ಒಂದು ದೊಡ್ಡ ಗಂಡು, ಹೆಣ್ಣುಗಳು, ಮಕ್ಕಳು. ಪೋಲೋಗೆ ಸಂಗಾತಿ ಹುಡುಕ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಓದುತ್ತಲೇ ವರ್ಷ ಕಳೆದವು. 2014ರಲ್ಲಿ ಅದು ಸತ್ತಾಗಲೂ ಒಂಟಿಯಾಗಿಯೇ ಇತ್ತು. ಅಲ್ಲಿಯ ಪಾಲಕರು ಅದನ್ನು ಮಗುವಿನಂತೆ ನೋಡಿಕೊಂಡರೂ ಮನುಷ್ಯರು ಕೊಡಲಾಗದ್ದು ಒಂದಿದೆಯಲ್ಲ.

ಇಟ್ಟಿಗೆಗೂಡಿನವ:

ಪೋಲೋ ವಿಷಯದಲ್ಲಿ ನಿಮ್ಮ ಜೊತೆ ವಾದ ಮಾಡಲ್ಲ. ಹೊಟ್ಟೆ ಚುರುಕ್ ಅನ್ನುತ್ತೆ. ಆದರೆ ಪಾಠ ಕಲಿತಿದ್ದಾರೆ ಅನ್ನೋದನ್ನೂ ಹೇಳಿ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಅಂತ ಎರಡು ಗೊರಿಲ್ಲಾ ಬಂದವು. ಅಣ್ಣತಮ್ಮಂದಿರು, ಜೋಡಿಯಾಗಿಯೇ ಕರೆಸಿದರು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅವಕ್ಕೆ ಬೇರೆ ಆವರಣ ಕಟ್ಟಿದರು.

ಪಶುವೈದ್ಯೆ:

ಸಾಕಿದ ಗೊರಿಲ್ಲಾ ಸಂತತಿಯಲ್ಲಿ ಗಂಡು ಹೆಣ್ಣು ಸರಿಸುಮಾರು ಸಮ ಸಂಖ್ಯೆಯಲ್ಲಿ ಹುಟ್ಟುತ್ತವೆ, ಕುಟುಂಬಕ್ಕೆ ಮಾತ್ರ ಒಂದೇ ದೊಡ್ಡ ಗಂಡು ಸಾಕು. ಉಳಿದ ಗಂಡುಗಳನ್ನು ಎಲ್ಲಿಡೋದು ಅನ್ನೋದು ಯುರೋಪಿನ ಮೃಗಾಲಯಗಳ ಹಳೇ ತಲೆನೋವು. ಗಂಡುಗಳ ಜೋಡಿ, ಗಂಡುಗಳ ಗುಂಪು ಮಾಡಿ ಇಡೋದು ಅದಕ್ಕೆ ಒಂದು ದಾರಿ, ಒಂಟಿ ಇಡೋದಕ್ಕಿಂತ ಎಷ್ಟೋ ಮೇಲು. ಆದರೆ ಮರಿ ಹಾಕಿಸುತ್ತಾ ಹೋದರೆ ಇಂಥ ಹೆಚ್ಚುವರಿ ಪ್ರಾಣಿಗಳು ಉಳಿದೇ ಉಳಿಯುತ್ತವೆ. 2014ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯದವರು ಮಾರಿಯಸ್ ಅನ್ನೋ ಆರೋಗ್ಯವಂತ ಎಳೆ ಜಿರಾಫೆಯನ್ನು ಕೊಂದು ಸಿಂಹಗಳಿಗೆ ಹಾಕಿದರು. ಅದರ ವಂಶವಾಹಿಗಳು ಈಗಾಗಲೇ ಬೇಕಾದಷ್ಟಿವೆ ಅನ್ನೋದೇ ಕಾರಣ. ನಮ್ಮಲ್ಲಿ ಹಾಗೆ ಕೊಲ್ಲಲ್ಲ. ಕೊಲ್ಲದಿದ್ದರೆ ಜಾಗ ಇಕ್ಕಟ್ಟಾಗುತ್ತದೆ.

ನಾನು ಓದುವಾಗ ತರಬೇತಿಗೆ ಒಂದು ಮೃಗಾಲಯದಲ್ಲಿದ್ದೆ, ಹೆಸರು ಬೇಡ. ಅಲ್ಲೊಂದು ಚಿರತೆ ಬೆಳಗ್ಗೆ ಆವರಣಕ್ಕೆ ಬಿಟ್ಟೊಡನೆ ಬೇಲಿ ಉದ್ದಕ್ಕೂ ನಡೆಯಲು ಶುರುಮಾಡೋದು. ಎಡತುದಿಗೆ ಹೋಗಿ ತಲೆ ಮೇಲೆತ್ತಿ ತಿರುಗೋದು, ಬಲತುದಿಗೆ ಬಂದು ಅದೇ ಥರ ತಲೆ ಎತ್ತಿ ತಿರುಗೋದು. ಹೆಜ್ಜೆ ಇಟ್ಟ ಜಾಗದಲ್ಲೇ ಮತ್ತೆ ಹೆಜ್ಜೆ. ಹುಲ್ಲು ಸವೆದು ಅಂಗೈ ಅಗಲದ ಮಣ್ಣಿನ ದಾರಿ ಬಿದ್ದಿತ್ತು, ತಿರುವಿನಲ್ಲಿ ಮಣ್ಣು ಗಟ್ಟಿಯಾಗಿ ಹೊಳೀತಿತ್ತು. ಜನ ನೋಡಿ, ಎಷ್ಟು ಚುರುಕಾಗಿದೆ ಅಂತ ಖುಷಿಪಡೋರು. ಅದು ಚುರುಕಲ್ಲ, ಮನಸ್ಸಿನ ಹಿಂಸೆ. ಆನೆ ನಿಂತಲ್ಲೇ ತೂಗಾಡೋದು, ಕರಡಿ ತಲೆ ಅಲ್ಲಾಡಿಸೋದು ಎಲ್ಲ ಇದೇ ಜಾತಿಯ ಲಕ್ಷಣ.

2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಕಾಡಿನಲ್ಲಿ ದೂರ ದೂರ ಅಲೆಯುವ ಮಾಂಸಾಹಾರಿಗಳಲ್ಲೇ ಈ ಶತಪಥವೂ ಮರಿಗಳ ಸಾವೂ ಹೆಚ್ಚು. ಆನೆಗಳ ಲೆಕ್ಕ ಇನ್ನೂ ಕಠೋರ. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು: ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಆಫ್ರಿಕಾದ ಹೆಣ್ಣಾನೆಗಳ ಮಧ್ಯಮ ಆಯಸ್ಸು 16.9 ವರ್ಷ. ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನದ ಕಾಡಾನೆಗಳಲ್ಲಿ, ಮನುಷ್ಯರಿಂದಾದ ಸಾವು ಬಿಟ್ಟು ಲೆಕ್ಕ ಹಾಕಿದರೆ, 56 ವರ್ಷ. ಏಷ್ಯಾದ ಆನೆಗೆ ಮೃಗಾಲಯದಲ್ಲಿ 18.9. ಮ್ಯಾನ್ಮಾರಿನಲ್ಲಿ ದಿಮ್ಮಿ ಎಳೆದು ದುಡಿಯುವ ಆನೆಗೆ 41.7. ದುಡಿಯುವ ಆನೆ ಮೃಗಾಲಯದ ಆನೆಗಿಂತ ಎರಡು ಪಟ್ಟಿಗೂ ಹೆಚ್ಚು ಬದುಕುತ್ತದೆ ಅಂದರೆ ಯೋಚಿಸಿ. ಗಟ್ಟಿ ನೆಲದ ಮೇಲೆ ನಿಂತು ನಿಂತು ಪಾದ ಕೊಳೆಯೋದು, ಬೊಜ್ಜು, ಗುಂಪಿನಿಂದ ಗುಂಪಿಗೆ ಸಾಗಿಸೋದು, ಎಳೆಯದರಲ್ಲೇ ತಾಯಿಯಿಂದ ಬಿಡಿಸೋದು, ಎಲ್ಲಾ ಸೇರುತ್ತೆ.

ಗದಗಿನ ಮೇಷ್ಟ್ರು:

ಎಲ್ಲಾ ಓದಿದೆ. ಮನಸ್ಸಿಗಿ ಭಾಳ ತ್ರಾಸಾತು. ಆದ್ರ ನಮ್ಮ ಮಾತೂ ಸ್ವಲ್ಪ ಕೇಳ್ರಿ. ನಮ್ಮ ಸಾಲಿ ಹುಡುಗ್ರು ಕೂಲಿಕಾರರ ಮಕ್ಕಳು. ಬಂಡೀಪುರದ ಸಫಾರಿ ಅವ್ರ ಅಪ್ಪಂದ್ರ ವಾರದ ಪಗಾರಕ್ಕೂ ಮೀರಿದ್ದು. ಬಿಂಕದಕಟ್ಟಿ ಮೃಗಾಲಯಕ್ಕ ಕರ್ಕೊಂಡು ಹೋದ್ರ ಒಂದಿನದಾಗ ಹುಲಿ, ಚಿರತಿ, ತೋಳ ಕಣ್ಣಾರೆ ನೋಡ್ತಾರ. ಒಬ್ಬ ಹುಡುಗ ಹುಲಿ ಮುಂದ ಬಾಯಿ ತೆರದು ನಿಂತಾಂವ ಕರದ್ರೂ ಬರ್ಲಿಲ್ಲ. ಅಂಥಾದ್ದು ಟಿವಿ ಒಳಗ ಸಿಗಂಗಿಲ್ರಿ. ಬಡವ್ರ ಮಕ್ಕಳಿಂದ ಅದನ್ನೂ ಕಸಗೊಂಡ್ರ ಹೆಂಗ?

ಬನ್ನೇರುಘಟ್ಟ ರಸ್ತೆಯವಳು:

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ ಅಂತ ಮೊದಲೇ ಹೇಳ್ತೀನಿ, ಯಾಕಂದರೆ ಆ ಹುಡುಗನ ಬೆರಗು ನಿಜವಾದದ್ದು. ಆದರೂ ಒಂದು ಕೇಳ್ತೀನಿ. ನಿಮ್ಮ ಜಿಲ್ಲೆಯಲ್ಲೇ ಕಪ್ಪತಗುಡ್ಡ ಇದೆ. 2019ರಿಂದ ವನ್ಯಜೀವಿಧಾಮ, ತೋಳ, ಕತ್ತೆಕಿರುಬ ಇರೋ ಜಾಗ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ, ಸಾವಿರಾರು. 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆಯೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನೋ ಮನ್ನಣೆ, ಸಿಕ್ಕಿದೆ. ಹಿಂಡು ಕೆರೆಯಿಂದ ಏಳೋದನ್ನು ದಂಡೆ ಮೇಲೆ ನಿಂತು ನೋಡೋಕೆ ಜೀಪೂ ಬೇಡ, ಸಫಾರಿಯ ಟಿಕೆಟ್ಟೂ ಬೇಡ. ಹುಲಿಯನ್ನು ಕಂಡ ಮಗುವಿಗೆ ಅದು ಪಂಜರದಲ್ಲಿರೋದೇ ಸಹಜ ಅಂತ ಮನಸ್ಸಿನಲ್ಲಿ ಕೂತರೆ ಏನು ಮಾಡೋದು ಅನ್ನೋದು ನನ್ನ ಭಯ.

ಗದಗಿನ ಮೇಷ್ಟ್ರು:

ಮಾಗಡಿ ಕೆರಿಗಿ ನಾವು ಹೋಗೇವ್ರಿ. ಛಲೋ ಆಗತೈತಿ. ಹಕ್ಕಿ ನೋಡಿ ಹುಡುಗ್ರು ಎಲ್ಲಿಂದ ಬಂದಾವು, ಮತ್ತ ಯಾವಾಗ ಹೋಗ್ತಾವು ಅಂತ ಪ್ರಶ್ನೆ ಮ್ಯಾಲ ಪ್ರಶ್ನೆ ಕೇಳಿದ್ರು. ಮೃಗಾಲಯದಾಗ ಕೇಳೂದು ಒಂದ ಪ್ರಶ್ನೆ, ಇದು ಯಾಕ ಮಲಗೇತಿ ಅಂತ. ಖರೇ ಹೇಳ್ಬೇಕಂದ್ರ ಇದು ಈಗ ಬರೀವಾಗ ಹೊಳೀತು. ಆದ್ರೂ ಹುಲಿ ಬ್ಯಾಡ ಅನ್ನಾಕ ನನ್ನ ಕಡಿಂದ ಆಗಂಗಿಲ್ಲ.

ಸರಗೂರು ರೈತ:

ನೀವೆಲ್ಲ ಆನೆ ಹಿಂಡು, ಗೊರಿಲ್ಲಾ ಕುಟುಂಬ ಅಂತ ಮಾತಾಡ್ತಿದ್ದೀರ. ನಮ್ಮ ಕಡೆ 2025ರ ಅಕ್ಟೋಬರ್, ನವೆಂಬರಲ್ಲಿ ಹುಲಿ ದಾಳಿಯಿಂದ ಹೊಲದಲ್ಲಿ ಜನ ಸತ್ತರು. ಬಂಡೀಪುರ, ನಾಗರಹೊಳೆ ಸಫಾರಿ ನಿಲ್ಲಿಸಿ ಸಿಬ್ಬಂದಿನೆಲ್ಲ ಹುಲಿ ಹುಡುಕೋಕೆ ಬಿಟ್ಟರು. ಹೆಂಗಸರು ಹತ್ತಿ ಬಿಡಿಸೋಕೆ ಹೋಗೋದಕ್ಕೆ ಹೆದರೋರು. ಹಿಡಿದ ಹುಲಿಯನ್ನ ಎಲ್ಲಿ ಬಿಡಬೇಕು ಹೇಳಿ? ಇನ್ನೊಂದು ಕಾಡಿಗೆ ಬಿಟ್ಟರೆ ಅಲ್ಲಿಯ ಊರಿಗೆ ಬರುತ್ತೆ. ಕಾಲು ಮುರಿದಿರೋ, ಹಲ್ಲು ಹೋಗಿರೋ ಹುಲಿ ಜಿಂಕೆ ಹಿಡಿಯಲ್ಲ, ದನ ಹಿಡಿಯುತ್ತೆ, ದನದ ಹಿಂದಿರೋರನ್ನ ಹಿಡಿಯುತ್ತೆ. ಮೈಸೂರಿನ ಕೂರ್ಗಳ್ಳಿ ಪುನರ್ವಸತಿ ಕೇಂದ್ರ ಇರೋದರಿಂದ ಆ ಹುಲಿಗೂ ಪ್ರಾಣ ಉಳಿದಿದೆ, ನಮಗೂ. ಜಾಗ ಇಲ್ಲ ಅಂದರೆ ಜನ ಏನು ಮಾಡ್ತಾರೆ ಅಂತ ಗೊತ್ತಲ್ಲ? 2025ರ ಜೂನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷ ಹಾಕಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತವು. ಅದು ತಪ್ಪು, ಮಹಾ ಪಾಪ, ನಾನು ಸಮರ್ಥಿಸ್ತಿಲ್ಲ. ಆದರೆ ಅಂಥದ್ದು ಆಗಬಾರದು ಅಂದರೆ ಹಿಡಿದ ಹುಲಿಗೆ ಜಾಗ ಬೇಕೇ ಬೇಕು.

ಬನ್ನೇರುಘಟ್ಟ ರಸ್ತೆಯವಳು:

@ಸರಗೂರು ರೈತ, ನಾನು ಹೇಳೋಕೆ ಹೊರಟಿದ್ದನ್ನು ನೀವು ನನಗಿಂತ ಗಟ್ಟಿಯಾಗಿ ಹೇಳಿದಿರಿ. 2022ರ ಗಣತಿ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿ. ಸಂಖ್ಯೆ ಬೆಳೆದಷ್ಟು ಕಾಡು ಬೆಳೆದಿಲ್ಲ. ಮುದಿಯಾದದ್ದು, ಗಾಯಗೊಂಡದ್ದು, ತಾಯಿ ಸತ್ತ ಮರಿ, ಇವೆಲ್ಲ ಬರುತ್ತಲೇ ಇರುತ್ತವೆ. ಮೃಗಾಲಯದ ಒಂದೊಂದು ಅಡಿ ಜಾಗವೂ ಇವುಗಳಿಗೆ ಬೇಕು. ಆ ಜಾಗದಲ್ಲಿ ಬಿಳಿ ಹುಲಿಗೆ ಮರಿ ಹಾಕಿಸ್ತಾ ಕೂತರೆ?

ಪಶುವೈದ್ಯೆ:

ಬಿಳಿ ಹುಲಿ ಬಗ್ಗೆ ಎರಡು ಮಾತು. ಅದು ಬೇರೆ ಜಾತಿಯೂ ಅಲ್ಲ, ಅಳಿವಿನಂಚಿನ ವಿಶೇಷ ತಳಿಯೂ ಅಲ್ಲ. 1951ರಲ್ಲಿ ರೀವಾ ಕಾಡಿನಲ್ಲಿ ಹಿಡಿದ ಮೋಹನ್ ಅನ್ನೋ ಒಂದು ಮರಿಯಿಂದ, ಅದನ್ನು ಅದರ ಮಗಳ ಜೊತೆಗೇ ಕೂಡಿಸಿ, ಬೆಳೆಸಿದ ಸಂತತಿಯೇ ಬಹುಪಾಲು. ಮೆಳ್ಳೆಗಣ್ಣು ಅವುಗಳಲ್ಲಿ ಮಾಮೂಲು. ಅಮೆರಿಕದ ಮೃಗಾಲಯಗಳ ಒಕ್ಕೂಟವೇ 2011ರಲ್ಲಿ ತನ್ನ ಸದಸ್ಯರಿಗೆ ಇಂಥ ಸಂತಾನಾಭಿವೃದ್ಧಿ ಬೇಡ ಅಂತ ಹೇಳಿತು. ಸಂರಕ್ಷಣೆಗೆ ಇವುಗಳಿಂದ ಏನೇನೂ ಉಪಯೋಗವಿಲ್ಲ.

ಹ್ಯಾಂಬರ್ಗ್ ಕನ್ನಡಿಗ:

ನಾನಿರೋ ಊರಿನಲ್ಲೇ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಕಂಬಿಯಿಲ್ಲದ, ಕಂದಕದ ಮೃಗಾಲಯ ತೆರೆದದ್ದು. ಇಂದು ಲೋಕದ ತುಂಬ ಕಾಣೋದು ಅದರ ಮಾದರಿಯೇ. ಇಲ್ಲಿ ಹೇಳದೇ ಬಿಡೋ ಇನ್ನೊಂದು ಭಾಗ ಇದೆ. ಆತ ಮೂಲತಃ ಪ್ರಾಣಿ ವ್ಯಾಪಾರಿ. 1870ರ ದಶಕದಿಂದಲೇ ಉತ್ತರ ಧ್ರುವದ ಕಡೆಯ ಸಾಮಿ ಜನರನ್ನು, ಆಮೇಲೆ ಆಫ್ರಿಕಾ, ಏಷ್ಯಾದವರನ್ನು ಬೇಲಿಯೊಳಗೆ ಇಟ್ಟು ಟಿಕೆಟ್ ಮಾರಿದವನು. ಕಂದಕ ಬಂದದ್ದು ಪ್ರಾಣಿಯ ಸುಖಕ್ಕಿಂತ ನೋಡುವವರ ಕಣ್ಣಿಗೆ ಕಂಬಿ ಅಡ್ಡ ಬರಬಾರದು ಅಂತ. ಪ್ರಾಣಿ ದಾಟಲಾಗದ ಅಂಚು ಅಂಚೇ.

ಆದರೂ ಮೃಗಾಲಯಗಳಿಲ್ಲದಿದ್ದರೆ ಇವತ್ತು ಮಂಗೋಲಿಯಾದ ಕಾಡುಕುದುರೆ ಇರ್ತಿರಲಿಲ್ಲ. 1960ರ ದಶಕದ ಕೊನೆಗೆ ಅದು ಕಾಡಿನಿಂದ ಕಣ್ಮರೆಯಾಗಿತ್ತು. ಯುರೋಪಿನ ಮೃಗಾಲಯಗಳಲ್ಲಿ ಉಳಿದ ಸಂತತಿಯನ್ನು 1992ರಿಂದ ವಾಪಸ್ ಬಿಟ್ಟರು. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದೂ ಹಾಗೇ, 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯದನ್ನೂ ಹಿಡಿದು ಸಾಕಿ ಉಳಿಸಿದ್ದು.

ಬನ್ನೇರುಘಟ್ಟ ರಸ್ತೆಯವಳು:

ನಿಜ. ಆ ಸಾಧನೆಗಳಿಗೆ ತಲೆಬಾಗ್ತೀನಿ. ಆದರೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ನೋಡಿ. ದನಕ್ಕೆ ಕೊಡುವ ಡೈಕ್ಲೋಫೆನಾಕ್ ಔಷಧದಿಂದ ರಣಹದ್ದುಗಳು ಸರ್ವನಾಶದ ಅಂಚಿಗೆ ಬಂದಾಗ ಹರಿಯಾಣದ ಪಿಂಜೋರ್‌ನಲ್ಲಿ ಅವನ್ನು ಸಾಕಿ ಮರಿ ಮಾಡಿಸಿದರು. ಅಸ್ಸಾಮಿನ ಕುಳ್ಳ ಹಂದಿಯನ್ನು 1996ರಲ್ಲಿ ಅಲ್ಲಿಯ ಮಾನಸ್ ರಾಷ್ಟ್ರೀಯ ಉದ್ಯಾನದಲ್ಲಿ ಹಿಡಿದ ಆರೇ ಆರು ಹಂದಿಗಳಿಂದ ಬೆಳೆಸಿ, 2008ರಿಂದ ಹುಲ್ಲುಗಾವಲಿಗೆ ಬಿಡ್ತಾ ಬಂದಿದ್ದಾರೆ. ಎರಡೂ ಪ್ರದರ್ಶನಕ್ಕೆ ಇಟ್ಟ ಜಾಗಗಳಲ್ಲ. ಉಳಿಸಲೇಬೇಕಾದ ಪ್ರಾಣಿಯನ್ನು ಉಳಿಸೋಕೆ ಟಿಕೆಟ್ ಕೌಂಟರ್ ಬೇಕಿಲ್ಲ ಅನ್ನೋದಕ್ಕೆ ಇವೇ ಸಾಕ್ಷಿ.

ಇಟ್ಟಿಗೆಗೂಡಿನವ:

ಡಾರ್ಜಿಲಿಂಗ್ ಮರೆತಿರಿ. ಅಲ್ಲಿಯ ಪದ್ಮಜಾ ನಾಯ್ಡು ಮೃಗಾಲಯ ಟಿಕೆಟ್ ಇರೋ ಮೃಗಾಲಯವೇ. ಅಲ್ಲಿ ಹುಟ್ಟಿದ ಎರಡು ಕೆಂಪು ಪಾಂಡಾಗಳನ್ನು 2003ರಲ್ಲಿ ಸಿಂಗಲೀಲಾ ಕಾಡಿಗೆ ಬಿಟ್ಟಿದ್ದಾರೆ. ಮಾಡಬೇಕು ಅಂತ ಮನಸ್ಸು ಮಾಡಿದರೆ ಮೃಗಾಲಯದಿಂದಲೂ ಆಗುತ್ತೆ.

ಕಾನೂನು ವಿದ್ಯಾರ್ಥಿ:

ಕಾನೂನಿನ ಮಾತು ಸ್ವಲ್ಪ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಮೃಗಾಲಯದ ಅಧ್ಯಾಯ ಸೇರಿತು, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಅದೇ ಪ್ರಾಧಿಕಾರ 2009ರ ನವೆಂಬರ್‌ನಲ್ಲಿ, ಮೃಗಾಲಯ ಮತ್ತು ಸರ್ಕಸ್‌ಗಳ ಆನೆಗಳನ್ನು ಆನೆ ಶಿಬಿರಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಸಾಗಿಸಬೇಕು ಅಂತ ಹೇಳಿತ್ತು. ಆನೆಗೆ ಅಲೆಯಲು ಬೇಕಾದ ಜಾಗ ಮೃಗಾಲಯದಲ್ಲಿ ಇಲ್ಲ ಅನ್ನೋದೇ ಕಾರಣ. ನಮ್ಮ ಮೃಗಾಲಯದಲ್ಲಿ ಇರಬಾರದ ಪ್ರಾಣಿ ಜಪಾನಿನ ಪಾರ್ಕಿನಲ್ಲಿ ಇರಬಹುದು ಅನ್ನೋದು ಯಾವ ನ್ಯಾಯ ಅನ್ನೋದು ನನಗೆ ಬಗೆಹರಿದಿಲ್ಲ.

ಹಕ್ಕಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಘನತೆಯ ಬಗ್ಗೆ ದೊಡ್ಡ ಮಾತಾಡಿತು. 2023ರಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ, ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಅನ್ನೋದಕ್ಕೆ ಪೂರ್ವ ನಿದರ್ಶನ ಇಲ್ಲ ಅಂದಿತು. ನ್ಯೂಯಾರ್ಕಿನಲ್ಲಿ ಹ್ಯಾಪಿ ಅನ್ನೋ ಆನೆಯ ಬಿಡುಗಡೆಗೆ ಹಾಕಿದ ಅರ್ಜಿಯನ್ನು 2022ರಲ್ಲಿ ಅಲ್ಲಿಯ ಮೇಲಿನ ಕೋರ್ಟ್ ತಿರಸ್ಕರಿಸಿತು. ಆದರೆ ಇಸ್ಲಾಮಾಬಾದ್ ಮೃಗಾಲಯದಲ್ಲಿ ಒಂಟಿಯಾಗಿದ್ದ ಕಾವನ್ ಆನೆ, ಅಲ್ಲಿಯ ಹೈಕೋರ್ಟ್ ಆದೇಶದಿಂದ 2020ರಲ್ಲಿ ಕಾಂಬೋಡಿಯಾದ ಅಭಯಧಾಮಕ್ಕೆ ಹೋಯಿತು.

ಪಾಲಕನ ಮಗ:

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನಮ್ಮಪ್ಪ ಒಂದು ಮೃಗಾಲಯದಲ್ಲಿ ಪ್ರಾಣಿಪಾಲಕರಾಗಿದ್ದರು. ಹುಲಿ ರಾತ್ರಿ ಮಲಗೋ ಕೋಣೆ ತೊಳೆಯೋದು, ಕಬ್ಬಿಣದ ಜಾರುಬಾಗಿಲು ಎಳೆದು ಚಿಲಕ ಎರಡೆರಡು ಸಲ ನೋಡೋದು, ಮಾಂಸ ತೂಗಿ ಹಾಕೋದು, ವಾರಕ್ಕೊಂದು ದಿನ ಉಪವಾಸ. ಲದ್ದಿ ನೋಡಿಯೇ ಯಾವುದಕ್ಕೆ ಹುಷಾರಿಲ್ಲ ಅಂತ ಹೇಳೋರು. ಹೊರಗುತ್ತಿಗೆ ಕೆಲಸ, ಸಂಬಳ ತಿಂಗಳು ದಾಟಿ ಬರೋದು. 2017ರಲ್ಲಿ ಬನ್ನೇರುಘಟ್ಟದಲ್ಲಿ ಬಿಳಿ ಹುಲಿಗಳ ದಾಳಿಯಿಂದ ಪಾಲಕರೊಬ್ಬರು ಸತ್ತ ಸುದ್ದಿ ಬಂದ ದಿನ ಅಮ್ಮ ಅಪ್ಪನನ್ನು ಕೆಲಸಕ್ಕೆ ಬಿಡಲೇ ಇಲ್ಲ.

ಅಪ್ಪನಿಗೆ ಹೆಚ್ಚು ನೋವು ಕೊಟ್ಟಿದ್ದು ಜನ. ಮಲಗಿದ ಸಿಂಹ ಏಳಲಿ ಅಂತ ಕಲ್ಲು ಹೊಡೆಯೋರು. ಕೋತಿಗೆ ಕುರುಕಲು ಪೊಟ್ಟಣ ಬಿಚ್ಚದೇ ಎಸೆಯೋರು. ಒಮ್ಮೆ ಸತ್ತ ಜಿಂಕೆಯ ಹೊಟ್ಟೆಯಲ್ಲಿ ಉಂಡೆಗಟ್ಟಿದ ಪ್ಲಾಸ್ಟಿಕ್ ಸಿಕ್ಕಿತು ಅಂತ ಊಟ ಬಿಟ್ಟು ಕೂತಿದ್ದರು. ಕಾಯಿದೆಯಲ್ಲಿ ಇದು ಅಪರಾಧ ಅಂತ ಫಲಕ ಹಾಕಿರ್ತಾರೆ, ಓದೋರು ಯಾರು? ಮೃಗಾಲಯ ಪ್ರೀತಿ ಕಲಿಸುತ್ತೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಗಾಜಿನ ಮೇಲೆ ಕೈಯಿಂದ ಬಡಿಯೋ ಅಪ್ಪನ ಪಕ್ಕ ನಿಂತ ಮಗು ಪ್ರೀತಿ ಕಲಿಯೋದಿಲ್ಲ.

ಆನೆ ಕಳಿಸೋ ಬಗ್ಗೆ ಹೇಳೋದಾದರೆ, ಪ್ರಾಣಿಗೆ ತನ್ನ ಪಾಲಕನ ಕಾಲ್ಸಪ್ಪಳ ಗೊತ್ತಿರುತ್ತೆ. ಒಪ್ಪಂದದ ಕಾಗದದಲ್ಲಿ ಅದಕ್ಕೆ ಜಾಗ ಇರಲ್ಲ.

ಬನ್ನೇರುಘಟ್ಟ ರಸ್ತೆಯವಳು:

ಇದನ್ನು ಓದಿ ತುಂಬ ಹೊತ್ತು ಏನೂ ಬರೆಯೋಕಾಗಲಿಲ್ಲ. ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಒಂದು ಮನವಿ ಬರೀತಿದ್ದೀನಿ. ಕೇಳೋದು ಇಷ್ಟು: ಆನೆಗಳನ್ನು ಬದಲಿ ಪ್ರಾಣಿಗಾಗಿ ಹೊರದೇಶಕ್ಕೆ ಕಳಿಸಬಾರದು. ಬಿಳಿ ಹುಲಿಯಂಥವಕ್ಕೆ ಮರಿ ಹಾಕಿಸೋದು ನಿಲ್ಲಬೇಕು. ಪ್ರದರ್ಶನಕ್ಕಾಗಿ ಹೊಸ ವಿದೇಶಿ ಪ್ರಾಣಿ ಬೇಡ, ಆ ಖರ್ಚು ಕಾಡಿನಿಂದ ಹಿಡಿದು ತಂದ, ವಾಪಸ್ ಬಿಡಲಾಗದ ಪ್ರಾಣಿಗಳ ಆವರಣಕ್ಕೆ ಹೋಗಲಿ. ಟಿಕೆಟ್ ಆದಾಯ ಕಡಿಮೆಯಾದರೆ ಸರ್ಕಾರ ಬಜೆಟ್ಟಿನಲ್ಲಿ ಹಣ ಇಡಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಮಾತಾಗುತ್ತೆ. ಯಾರು ಸಹಿ ಹಾಕ್ತೀರಿ?

ಇಟ್ಟಿಗೆಗೂಡಿನವ:

ಮೊದಲ ಎರಡಕ್ಕೂ ಕೊನೆಯದಕ್ಕೂ ಹಾಕ್ತೀನಿ. ವಿದೇಶಿ ಪ್ರಾಣಿ ಪೂರ್ತಿ ಬೇಡ ಅನ್ನೋದಕ್ಕೆ ಇಲ್ಲ. ಜಿರಾಫೆ ಇಲ್ಲದ ಮೈಸೂರು ಮೃಗಾಲಯ ನನಗೆ ಕಲ್ಪಿಸಿಕೊಳ್ಳೋಕಾಗಲ್ಲ.

ಪಾಲಕನ ಮಗ:

ಹೊರಗುತ್ತಿಗೆ ಪಾಲಕರನ್ನು ಕಾಯಂ ಮಾಡಬೇಕು ಅಂತ ಸೇರಿಸಿ, ಸಹಿ ಹಾಕ್ತೀನಿ.

ಸರಗೂರು ರೈತ:

ಹಿಡಿದ ಹುಲಿ, ಚಿರತೆ ಇಡೋಕೆ ಕೂರ್ಗಳ್ಳಿ ಒಂದೇ ಸಾಲದು, ಚಾಮರಾಜನಗರ ಕಡೆಗೂ ಒಂದು ಕೇಂದ್ರ ಬೇಕು ಅಂತ ಸ್ಪಷ್ಟವಾಗಿ ಬರೀರಿ. ಹಾಗೆ ಬರೆದರೆ ನಮ್ಮ ಊರವರ ಸಹಿ ಎಲ್ಲ ನಾನು ಮಾಡಿಸಿ ಕೊಡ್ತೀನಿ.